ವಾಲ್ವಕ್ಕನ ಮೊದಲ ಪ್ರಶ್ನೆ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೊಂದು ಜೀವ ಕಾಣುತ್ತಿಲ್ಲ. ಅಂಗಡಿಗಳ ಸಾಲಿನ ಕೊನೆಯಲ್ಲಿ ಒಂದು ಷಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಎಡಗೈಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ದೊಡ್ಡದೊಂದು ಪೆಟ್ಟಿಗೆಯ ಬೆನ್ನಿನೊಳಗೆ ಇಣುಕುತ್ತಿದ್ದಾರೆ. ಪೆಟ್ಟಿಗೆಯೊಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳು ಸಾಲಾಗಿ ನಿಂತು ಕೆಂಪಗೆ ಬೆಳಗುತ್ತಿವೆ. ಪೆನ್ಸಿಲಿನ ರಬ್ಬರ್ ತುದಿಯಿಂದ ಒಂದೊಂದನ್ನೂ ಮೆಲ್ಲಗೆ ತಟ್ಟುತ್ತಾರೆ. ಮೊದಲನೆಯದು ಸುಮ್ಮನಿದೆ. ಎರಡನೆಯದೂ ಸುಮ್ಮನಿದೆ. ಮೂರನೆಯದನ್ನು ತಟ್ಟಿದ್ದೇ ತಡ, ಸ್ಪೀಕರಿನಿಂದ ‘ಟಿಂಯ್’ ಎಂದು ಸದ್ದು ಬರುತ್ತದೆ. ಹಾಗೆ ಸದ್ದು ಮಾಡುವುದೇ ಕೆಟ್ಟಿರುವ ವಾಲ್ವ್.

“ಸಿಕ್ಕಿಬಿದ್ಯಲ್ಲ ಕಳ್ಳಾ!” ಎನ್ನುತ್ತಾರೆ ವಾಲ್ವಕ್ಕ. ಅವರ ಮುಖ ನೋಡಬೇಕು ಆಗ. ಲಾಟರಿ ಹೊಡೆದವರಿಗೂ ಅಷ್ಟು ಖುಷಿ ಆಗಲಿಕ್ಕಿಲ್ಲ.

ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಈ ಪೆಟ್ಟಿಗೆಗೆ ಆಂಪ್ಲಿಫೈಯರ್ ಎಂದು ಹೆಸರು. ಬಾರಿಸುವವರ ಬಾಯಲ್ಲಿ ಅದು ಬರೀ ‘ಆಂಪ್’. ಅಜ್ಜನ ಕಾಲದ ರೇಡಿಯೊಗಳಲ್ಲಿದ್ದಂಥ ವಾಲ್ವ್ ಹಾಕಿದ ಆಂಪ್ ಎಂದರೆ ಗಿಟಾರಿನವರು ಈಗಲೂ ಪ್ರಾಣ ಬಿಡುತ್ತಾರೆ. ಆ ಸದ್ದಿನಲ್ಲಿ ಒಂದು ಬಿಸಿ ಇದೆಯಂತೆ, ಒಂದು ಮೈ ಇದೆಯಂತೆ. ಬೆಲೆಯೂ ಹಾಗೇ ಇದೆ. ಕಿಸೆ ತೆಳ್ಳಗಿದ್ದು ಆಸೆ ದಪ್ಪಗಿರುವವರು ಮೊದಲು ಬರುವುದು ವಾಲ್ವಕ್ಕನ ಬಳಿಗೆ. ರಿಪೇರಿಗೆ ಮಾತ್ರವಲ್ಲ, ಯಾವುದನ್ನು ಕೊಳ್ಳಬೇಕು ಎಂದು ಕೇಳುವುದಕ್ಕೂ. ರಿಪೇರಿಗೆ ಅವರು ಕಾಸು ತೆಗೆದುಕೊಳ್ಳುತ್ತಾರೆ. ಮಾತಿಗೆ ತೆಗೆದುಕೊಳ್ಳುವುದಿಲ್ಲ.

ಇಷ್ಟು ಬೇಗ ಏಕೆ ಏಳಬೇಕು ಎಂದು ಕೇಳಿದರೆ ಪಕ್ಕದ ಗೋಡೆ ತೋರಿಸುತ್ತಾರೆ. ಗೋಡೆಯಾಚೆ ಕಬ್ಬಿಣದ ಗೇಟು ಮಾಡುವ ಕಾರ್ಖಾನೆ. ಎಂಟಕ್ಕೆ ಅವರು ವೆಲ್ಡಿಂಗ್ ಶುರು ಮಾಡಿದರೆ ಇಡೀ ಬೀದಿಯ ಕರೆಂಟು ಹದಗೆಡುತ್ತದೆ, ಆಂಪ್‌ಗಳೆಲ್ಲ ಗುಂಯ್‌ಗುಡುತ್ತವೆ. “ಆಮೇಲೆ ಗುಂಯ್ ಅಂತಿರೋದು ಆಂಪೋ, ಗೇಟಿನವರೋ ಅಂತ ಹೆಂಗೆ ಹೇಳ್ಲಿ? ಐದರಿಂದ ಎಂಟರವರೆಗೆ ಕರೆಂಟು ತಣ್ಣಗಿರತ್ತೆ. ಅದು ನನ್ನ ಟೈಮು.”

ಎಡಗೈ ಜೇಬಿನಲ್ಲಿ ಏಕೆ? ಅದು ಅಪ್ಪ ಹೇಳಿಕೊಟ್ಟ ಪಾಠ. ಪ್ಲಗ್ ಕಿತ್ತ ಮೇಲೂ ಈ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಆಳನ್ನು ಮಲಗಿಸುವಷ್ಟು ಕರೆಂಟು ಉಳಿದಿರುತ್ತದೆ. ಎರಡೂ ಕೈ ಒಳಗಿಟ್ಟರೆ ಅದು ಒಂದು ಕೈಯಿಂದ ಹೊಕ್ಕು ಎದೆಯ ಮೇಲೆ ಹಾದು ಇನ್ನೊಂದು ಕೈಗೆ ಹೋಗುತ್ತದೆ. ಅದಕ್ಕೇ ಅವರ ಏಪ್ರನ್ನಿಗೆ ಒಂದೇ ಜೇಬು, ಅದೂ ಎಡಕ್ಕೆ. ಹೊಲಿದುಕೊಟ್ಟವರು ಅವರ ಯಜಮಾನರೇ. ಅಂಗಡಿಯ ಮುಂದಿನ ಅರ್ಧದಲ್ಲಿ ಅವರ ಟೈಲರಿಂಗ್, ಹಿಂದಿನ ಅರ್ಧದಲ್ಲಿ ಹೆಂಡತಿಯ ಆಂಪ್. ಹೊಲಿಗೆ ಮಷಿನ್ನಿನ ಮೋಟಾರೂ ಗುಂಯ್ ಎನ್ನುವುದರಿಂದ ಎಂಟರ ತನಕ ಅವರು ಬರೀ ಕಾಜ ಮಾಡುತ್ತ ಕೂರಬೇಕು. “ಮೂವತ್ತು ವರ್ಷದಿಂದ ಪ್ಯಾಂಟು ಹೊಲೀಬೇಕಾದ್ರೂ ಇವಳ ಅಪ್ಪಣೆ ಬೇಕು ನೋಡಿ,” ಎಂದು ಅವರು ಗೊಣಗುತ್ತಾರೆ. ಗೊಣಗುವಾಗಲೂ ಮುಖದಲ್ಲಿ ನಗು.

ಆರೂವರೆಗೆ ಷಟರಿನ ಕೆಳಗಿನಿಂದ ಬಗ್ಗಿಕೊಂಡು ಒಬ್ಬ ನರ್ಸ್ ಒಳಗೆ ಬರುತ್ತಾರೆ. ವಯಸ್ಸು ನಲವತ್ತನಾಲ್ಕು. ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಾರೆ, ಕಣ್ಣು ಕೆಂಪಾಗಿವೆ. ಮೇಜಿನ ಮೇಲಿನ ದೊಡ್ಡ ಆಂಪ್ ಕಂಡೊಡನೆ ಅವರ ನಿದ್ದೆಯೆಲ್ಲ ಹಾರಿಹೋಗುತ್ತದೆ.

“ಇದೇ ಅಲ್ವಾಕ್ಕಾ? ಅಬ್ಬಾ, ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿದೆ!”

ಹೌದು, ಅದೇ. ಐವತ್ತು ವಾಟಿನದು, ಕಪ್ಪು ಚರ್ಮದ ಹೊದಿಕೆ, ಬಂಗಾರದ ಬಣ್ಣದ ಗುಂಡಿಗಳು. ಎತ್ತುವುದಕ್ಕೆ ಇಬ್ಬರು ಬೇಕು. ಪೇಪರಿನಲ್ಲಿ ಮಾರಾಟದ ಜಾಹೀರಾತು ಕಂಡು ನರ್ಸ್ ಫೋನ್ ಮಾಡಿದ್ದರು. ಮಾರುವವರು ‘ವಾಲ್ವಕ್ಕನ ಕೈಲಿ ತೋರಿಸಿ ತಗೊಳ್ಳಿ’ ಎಂದು ತಾವೇ ತಂದಿಟ್ಟು ಹೋಗಿದ್ದಾರೆ. ಬೇಕೋ ಬೇಡವೋ ಮಧ್ಯಾಹ್ನದೊಳಗೆ ಹೇಳಬೇಕು, ಹಿಂದೆ ಇನ್ನೊಬ್ಬರು ಕಾದಿದ್ದಾರೆ.

ನರ್ಸ್ ಇಪ್ಪತ್ತೆರಡನೇ ವಯಸ್ಸಿನವರೆಗೆ ಗಿಟಾರ್ ಬಾರಿಸುತ್ತಿದ್ದವರು. ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳಾದಳು, ಗಿಟಾರ್ ಯಾರದೋ ಮನೆ ಸೇರಿತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಕೊಂಡಿದ್ದಾರೆ. ಆಂಪ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಪಿಸುಗುಟ್ಟುತ್ತದೆ ಅಷ್ಟೇ. ಆ ಪಿಸುಮಾತನ್ನೇ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತ, ಆಂಪ್‌ಗೆಂದು ಮೂರು ವರ್ಷ ಉಳಿಸಿದ್ದಾರೆ. ಈಗ ಕೈಯಲ್ಲಿರುವುದು ಒಂದೂವರೆ ತಿಂಗಳ ಸಂಬಳ.

“ಇದೊಂದೇ ಸಲ ಅಕ್ಕಾ,” ಎನ್ನುತ್ತಾರೆ. “ಬರೋ ವರ್ಷದಿಂದ ಮಗಳ ಓದಿಗೇ ಎಲ್ಲ ಹೋಗತ್ತೆ. ಇದು ತಪ್ಪಿದ್ರೆ ಗಿಟಾರನ್ನೂ ಮಾರಿಬಿಡ್ತೀನಿ. ಮತ್ತೆ ಆಸೆ ಇಟ್ಕೊಂಡು ಕೂರೋ ಶಕ್ತಿ ನನಗಿಲ್ಲ.”

ವಾಲ್ವಕ್ಕ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ತಮ್ಮ ಮೊದಲ ಪ್ರಶ್ನೆ ಕೇಳುತ್ತಾರೆ. ಇಲ್ಲಿಗೆ ಬರುವ ಎಲ್ಲರಿಗೂ ಇದೇ ಪ್ರಶ್ನೆ. ಎಂಥ ಸಂಗೀತ ಇಷ್ಟ ಎಂದಲ್ಲ, ಎಷ್ಟು ದುಡ್ಡಿದೆ ಎಂದೂ ಅಲ್ಲ.

“ನಿಮ್ಮ ಪಕ್ಕದ ಮನೆಯವರು ಯಾರು?”

ನರ್ಸ್ ತಬ್ಬಿಬ್ಬಾಗುತ್ತಾರೆ. ಆಮೇಲೆ ಮುಖ ಸಪ್ಪೆಯಾಗುತ್ತದೆ. “ಲೆಕ್ಕದ ಮೇಷ್ಟ್ರು, ರಿಟೈರ್ ಆಗಿದಾರೆ. ಒಬ್ಬರೇ ಇರೋದು. ಅಯ್ಯೋ, ಅವರ ಸುದ್ದಿ ಎತ್ತಬೇಡಿ! ಮಿಕ್ಸಿ ಹಾಕಿದ್ರೂ ಕೋಲು ತಗೊಂಡು ಗೋಡೆ ತಟ್ತಾರೆ. ಒಂದು ಏಟು ಅಂದ್ರೆ ಸದ್ದು ಕಮ್ಮಿ ಮಾಡು ಅಂತ. ಎರಡು ಏಟು ಅಂದ್ರೆ ಬಾಗಿಲಿಗೇ ಬರ್ತಿದೀನಿ ಅಂತ.”

ಈ ಪ್ರಶ್ನೆ ವಾಲ್ವಕ್ಕನಿಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಅವರ ಅಪ್ಪ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಬುತ್ತಿ ಕೊಡಲು ಹೋಗುತ್ತಿದ್ದ ಹುಡುಗಿ ತೆರೆಯ ಮೇಲಿನ ಕತೆ ನೋಡುವ ಬದಲು ಮೂಲೆಯಲ್ಲಿ ಹೊಳೆಯುತ್ತಿದ್ದ ವಾಲ್ವ್‌ಗಳನ್ನು ನೋಡುತ್ತ ಕೂರುತ್ತಿದ್ದಳು. ಹನ್ನೆರಡಕ್ಕೆ ಬೆಸುಗೆ ಹಾಕಲು ಕಲಿತಳು. ಟಾಕೀಸಿಗೆ ಹೊಸ ಯಂತ್ರ ಬಂದು ಹಳೆಯದನ್ನು ಗುಜರಿಗೆ ಹಾಕುವ ದಿನ ಅಪ್ಪ ಕಣ್ಣೀರು ಹಾಕಿದರು. ಮಗಳು ತಳ್ಳುಗಾಡಿ ತಂದಳು. ಆ ಗಾಡಿಯಲ್ಲಿ ಬಂದ ಕಬ್ಬಿಣ, ತಂತಿ, ಗಾಜುಗಳಿಂದಲೇ ಈ ಅಂಗಡಿ ಹುಟ್ಟಿತು. ‘ಹೆಂಗಸು ಏನು ರಿಪೇರಿ ಮಾಡ್ತಾಳೆ’ ಎಂದು ಹೊಸಿಲಿನಿಂದಲೇ ತಿರುಗಿ ಹೋದವರ ಲೆಕ್ಕವಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಬೇರೆ ಕಡೆ ಕೆಡಿಸಿಕೊಂಡು ಅದೇ ಹೊಸಿಲಿಗೆ ವಾಪಸ್ ಬಂದಿದ್ದಾರೆ. “ಬಂದಾಗ ನಾನೇನೂ ಅನ್ನಲ್ಲ,” ಎನ್ನುತ್ತಾರೆ ವಾಲ್ವಕ್ಕ. “ಸ್ವಲ್ಪ ಹೊತ್ತು ನಿಲ್ಲಿಸ್ತೀನಿ, ಅಷ್ಟೇ.”

ಅವರಿಗೊಬ್ಬ ತಮ್ಮ. ಗಿಟಾರಿನ ಮೇಲೆ ಓಡುವ ಅವನ ಬೆರಳುಗಳೆಂದರೆ ಅಕ್ಕನಿಗೆ ಹುಚ್ಚು ಹೆಮ್ಮೆ. ಹತ್ತೊಂಬತ್ತು ವರ್ಷದ ಹಿಂದೆ ಅವನಿಗೆಂದು ತಾವೇ ಒಂದು ಆಂಪ್ ಕಟ್ಟಿದರು. ಕೈಲಿದ್ದ ದುಡ್ಡನ್ನೆಲ್ಲ ಸುರಿದು, ಊರಿಗೇ ದೊಡ್ಡದನ್ನು. ಅವನು ಮಾತ್ರ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿದ್ದ. ಗೋಡೆ ರಟ್ಟಿನಷ್ಟು ತೆಳು, ಆಚೆ ಕಡೆ ಹಸುಗೂಸಿನ ಮನೆ. ವಾಲ್ವ್ ಆಂಪ್ ಬಾಯಿ ಬಿಡಬೇಕಾದರೆ ಒಂದರಿಂದ ಹತ್ತರವರೆಗೆ ಗುರುತಿರುವ ಸದ್ದಿನ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬೇಕು. ದೊಡ್ಡ ಆಂಪನ್ನು ಅರ್ಧಕ್ಕೆ ತಿರುಗಿಸಿದರೆ ಕಿಟಕಿ ಗಾಜು ನಡುಗುತ್ತದೆ. ಅವನು ಒಂದರ ಮೇಲೆ ತಿರುಗಿಸಲೇ ಇಲ್ಲ. ಒಂದರಲ್ಲಿ ಅದು ಮೂಗು ಕಟ್ಟಿದವರ ಹಾಗೆ ಮಾತಾಡುತ್ತಿತ್ತು. ದೋಷ ತನ್ನ ಬೆರಳಿನದೇ ಎಂದುಕೊಂಡ. ಎಂಟು ತಿಂಗಳಿಗೆ ಆಂಪ್ ಮಾರಿದ, ಮರುವಾರ ಗಿಟಾರ್ ಮಾರಿದ. ಅಂದಿನಿಂದ ಮುಟ್ಟಿಲ್ಲ. ಈಗ ಲಾರಿ ಮೆಕ್ಯಾನಿಕ್. ಅಕ್ಕನ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ನಗುತ್ತಾನೆ. ಆ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

“ಅವನು ಎಲ್ಲಿ ಬಾರಿಸ್ತಾನೆ ಅಂತ ನಾನು ಕೇಳಲೇ ಇಲ್ಲ,” ಎಂದು ಹೇಳುವಾಗ ವಾಲ್ವಕ್ಕನ ಧ್ವನಿ ಕೆಳಗಿಳಿಯುತ್ತದೆ. “ಅವನ ಕೈ ಕಟ್ಟಿಹಾಕಿದ್ದು ನಾನೇ. ಪ್ರೀತಿಯಿಂದಲೇ ಕಟ್ಟಿಹಾಕಿದೆ.” ಅವರ ಮೇಜಿನ ಕೆಳಗೆ ನೀಲಿ ಬಟ್ಟೆಯ ಹೊದಿಕೆ ಹಾಕಿದ ಪುಟ್ಟ ಪೆಟ್ಟಿಗೆಯೊಂದಿದೆ. ಅದೇನು ಎಂದು ಕೇಳಿದರೆ ಟೈಲರ್ ಹೆಂಡತಿಯ ಕಡೆ ನೋಡುತ್ತಾರೆ, ಹೆಂಡತಿ ಗಡಿಯಾರದ ಕಡೆ.

ಗಡಿಯಾರದಲ್ಲಿ ಎಂಟು. ಗೋಡೆಯಾಚೆ ವೆಲ್ಡಿಂಗ್ ಶುರುವಾಗಿದೆ. ವಾಲ್ವಕ್ಕ ಏಪ್ರನ್ ಬಿಚ್ಚಿಟ್ಟು, ಕೈಗೊಂದು ಪುಟ್ಟ ರೇಡಿಯೊ ತೆಗೆದುಕೊಂಡು ನರ್ಸ್ ಜೊತೆ ಅವರ ಮನೆಗೆ ಹೊರಡುತ್ತಾರೆ. ಇದು ಅವರ ಪದ್ಧತಿ. ಮನೆ ನೋಡದೆ ಆಂಪ್ ಹೇಳುವುದಿಲ್ಲ, ಕಾಲಿಗೆ ಬಿದ್ದರೂ ಹೇಳುವುದಿಲ್ಲ.

ನಾಲ್ಕು ಮಹಡಿಯ ಹಳೆಯ ಕಟ್ಟಡ, ಲಿಫ್ಟಿಲ್ಲ. ವಾಲ್ವಕ್ಕ ಹತ್ತುವಾಗ ಮೆಟ್ಟಿಲು ಎಣಿಸುತ್ತಾರೆ. ಅರವತ್ತೆಂಟು. “ಆ ದೊಡ್ಡದನ್ನ ಯಾರು ಹೊತ್ಕೊಂಡು ಬರೋರು?” ನರ್ಸ್ ಬೀಗದ ಕೈ ಹುಡುಕುತ್ತಾರೆ. ಮೇಷ್ಟ್ರ ಬಾಗಿಲಿಗೆ ‘ಸದ್ದು ಮಾಡಬೇಡಿ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದೆ. ನರ್ಸ್ ಕೋಣೆಯಲ್ಲಿ ರೇಡಿಯೊವನ್ನು ಮಂಚದ ಪಕ್ಕ ಇಟ್ಟು, ವಾಲ್ವಕ್ಕ ಹೊರಗೆ ಬಂದು ಮೇಷ್ಟ್ರ ಬಾಗಿಲಿನ ಬದಿಯ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗಿನಿಂದ ನರ್ಸ್ ಒಂದೊಂದೇ ಗೆರೆ ಸದ್ದು ಏರಿಸುತ್ತಾರೆ. ನಾಲ್ಕನೇ ಗೆರೆಗೆ ವಾಲ್ವಕ್ಕ ತೆರೆದ ಬಾಗಿಲಿನಲ್ಲಿ ಕಾಣುವ ಹಾಗೆ ಕೈ ಎತ್ತುತ್ತಾರೆ. ಈ ಗೋಡೆ ತಡೆಯುವುದು ಅಷ್ಟು. ಅಷ್ಟರೊಳಗೆ ಗಿಟಾರ್ ಹಾಡಬೇಕು.

ಮೆಟ್ಟಿಲಿಳಿಯುವಾಗ ನರ್ಸ್ ಅರ್ಧದಲ್ಲೇ ನಿಂತುಬಿಡುತ್ತಾರೆ. “ಅಕ್ಕಾ, ನೀವು ಏನು ಹೇಳ್ತೀರಿ ಅಂತ ಗೊತ್ತಾಯ್ತು. ಚಿಕ್ಕದು ತಗೋ ಅಂತೀರಿ. ಚಿಕ್ಕ ಮನೆ, ಚಿಕ್ಕ ಸಂಬಳ, ಈಗ ಆಂಪೂ ಚಿಕ್ಕದೇನಾ? ಇಪ್ಪತ್ತೆರಡು ವರ್ಷದಿಂದ ಬೇರೆಯವರ ಸೇವೆ ಮಾಡ್ತಿದೀನಿ. ಒಂದಾದ್ರೂ ದೊಡ್ಡ ವಸ್ತು ನನ್ನದು ಅಂತ ಇರಬಾರದಾ?”

ಅವರ ಕಣ್ಣು ತುಂಬಿದೆ. ವಾಲ್ವಕ್ಕ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ತಮ್ಮನ ಕತೆ ಹೇಳುತ್ತಾರೆ. ಇಡೀ ಕತೆ, ಎಂಟು ತಿಂಗಳದ್ದೂ, ಮರುವಾರದ್ದೂ. “ನಾನು ನಿಮಗೆ ಬೇಡ ಅನ್ನಲ್ಲಮ್ಮಾ. ಕಣ್ಣಿಂದ ತಗೋಬೇಡಿ ಅಂತೀನಿ, ಅಷ್ಟೇ. ಕಿವಿ ಯಾವುದು ಬೇಕು ಅನ್ನತ್ತೋ ಅದನ್ನೇ ಒಯ್ಯಿರಿ. ದೊಡ್ಡದೇ ಬೇಕು ಅಂದ್ರೆ ನಾನೇ ಒಂದು ಕಡೆ ಹೆಗಲು ಕೊಡ್ತೀನಿ.”

ಅಂಗಡಿಗೆ ವಾಪಸ್ ಬಂದಾಗ ಹತ್ತು ಗಂಟೆ. ಟೈಲರ್ ಆಗಲೇ ಹಗ್ಗ ಕಟ್ಟಿ ಹೂವಿನ ಚಿತ್ರದ ಮಂಚದ ಹೊದಿಕೆಯೊಂದನ್ನು ಅಡ್ಡ ಹಾಕಿದ್ದಾರೆ. ಇದೂ ಇಲ್ಲಿಯ ಪದ್ಧತಿಯೇ. ಹೊದಿಕೆಯ ಹಿಂದೆ ಮೂರು ಆಂಪ್. ಯಾವುದು ಎಲ್ಲಿದೆ ಎಂದು ಬಾರಿಸುವವರಿಗೆ ಕಾಣುವುದಿಲ್ಲ. ಮೂರರ ಸದ್ದನ್ನೂ ವಾಲ್ವಕ್ಕ ರೇಡಿಯೊದ ಆ ನಾಲ್ಕನೇ ಗೆರೆಗೆ ಸಮನಾಗಿ ಇಳಿಸಿದ್ದಾರೆ. ಗೇಟಿನವರಿಗೆ ಟೀ ಕಳಿಸಿ ಹದಿನೈದು ನಿಮಿಷ ಬಿಡುವು ಪಡೆದಾಗಿದೆ.

ನರ್ಸ್ ಸ್ಟೂಲಿನ ಮೇಲೆ ಕೂತು ಮನೆಯಿಂದ ತಂದ ಗಿಟಾರ್ ತೊಡೆಗಿಟ್ಟುಕೊಳ್ಳುತ್ತಾರೆ. ಮೊದಲನೆಯ ಆಂಪ್ ಬಿಗಿಯಾಗಿ, ಒಣಗಿದ ಹಾಗೆ ಕೇಳುತ್ತದೆ. ವಾಲ್ವಕ್ಕ ಗಿಟಾರಿನ ಕೇಬಲ್ಲನ್ನು ಎರಡನೆಯದಕ್ಕೆ ಸಿಕ್ಕಿಸುತ್ತಾರೆ. ನರ್ಸ್ ಒಂದು ಸ್ವರ ಮೀಟುತ್ತಾರೆ. ಅದು ಹೊರಟು, ಅರಳಿ, ಕೊನೆಗೆ ಸ್ವಲ್ಪ ಒರಟಾಗಿ, ಮೆಲ್ಲಗೆ ಕರಗುತ್ತದೆ. ಗಟ್ಟಿಯಾಗಿ ಮೀಟಿದರೆ ರೇಗುತ್ತದೆ, ಹಗುರವಾಗಿ ಮೀಟಿದರೆ ಮುದ್ದಾಗುತ್ತದೆ. ನರ್ಸ್ ಮೂರನೆಯದನ್ನೂ ಕೇಳಿ, ಮತ್ತೆ ಎರಡನೆಯದನ್ನೇ ಹಾಕಿಸಿಕೊಂಡು ಹತ್ತು ನಿಮಿಷ ತಲೆ ಎತ್ತುವುದಿಲ್ಲ. ಟೈಲರ್ ಕೂಡ ಸೂಜಿ ಕೆಳಗಿಟ್ಟಿದ್ದಾರೆ.

“ಇದು,” ಎನ್ನುತ್ತಾರೆ ನರ್ಸ್. “ಇದೇ ಆ ದೊಡ್ಡದು, ಅಲ್ವಾ?”

ವಾಲ್ವಕ್ಕ ಹೊದಿಕೆ ಸರಿಸುತ್ತಾರೆ. ಬಂಗಾರದ ಗುಂಡಿಯ ದೊಡ್ಡ ಆಂಪ್ ಇರುವುದು ಮೊದಲನೇ ಜಾಗದಲ್ಲಿ, ಗುಂಡಿ ಒಂದರಲ್ಲಿದೆ. ಎರಡನೇ ಜಾಗದಲ್ಲಿ ಬಣ್ಣವಿಲ್ಲದ ಮರದ ಪೆಟ್ಟಿಗೆ. ಟಾಕೀಸಿನ ಹಳೆಯ ಸಾಮಾನಿನಿಂದ ವಾಲ್ವಕ್ಕನೇ ಕಟ್ಟಿದ್ದು, ಐದೇ ವಾಟು, ಗುಂಡಿ ಆರರಲ್ಲಿದೆ. ನೋಡುವುದಕ್ಕೆ ಮದುವೆ ಮನೆಗೆ ಕರೆಯದೆ ಬಂದವರ ಹಾಗಿದೆ.

“ಥೂ, ಎಷ್ಟು ಕೆಟ್ಟದಾಗಿದೆ!” ಎಂದು ನರ್ಸ್ ನಕ್ಕುಬಿಡುತ್ತಾರೆ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

“ಐವತ್ತು ವಾಟು ಅಂದ್ರೆ ಐದರ ಹತ್ತು ಪಟ್ಟು ಜೋರು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ,” ವಾಲ್ವಕ್ಕ ವಿವರಿಸುತ್ತಾರೆ. “ಕಿವಿಗೆ ಹೆಚ್ಚೂಕಡಿಮೆ ಎರಡು ಪಟ್ಟು, ಅಷ್ಟೇ. ಆ ದೊಡ್ಡದೇನೂ ಕೆಟ್ಟದ್ದಲ್ಲ. ಒಂದು ವಾಲ್ವ್ ಬದಲಾಯಿಸಿದೀನಿ, ಈಗ ಹುಲಿ. ಹುಲಿ ಸಾಕೋಕೆ ಜಾಗ ಬೇಕಲ್ಲಮ್ಮಾ! ಪೆಟ್ಟಿಗೆಗೆ ದುಡ್ಡೆಲ್ಲ ಸುರೀಬೇಡಿ. ಒಳ್ಳೆ ಸ್ಪೀಕರ್‌ಗೆ ಸ್ವಲ್ಪ ಇಡಿ, ಒಂದು ಜೊತೆ ಹೆಚ್ಚುವರಿ ವಾಲ್ವ್ ತೆಗೆದಿಡಿ. ಸ್ಪೀಕರ್ ತಂತಿ ಕಿತ್ತು ಮಾತ್ರ ಯಾವತ್ತೂ ಆನ್ ಮಾಡಬೇಡಿ, ಸುಟ್ಟುಹೋಗತ್ತೆ.” ಇಷ್ಟಾದರೂ ನರ್ಸ್ ಕೈಯಲ್ಲಿ ಅರ್ಧ ತಿಂಗಳ ಸಂಬಳ ಉಳಿಯುತ್ತದೆ.

ದಿನಕ್ಕೆ ನಲವತ್ತು ವಾಲ್ವ್ ತಟ್ಟಿ ನೋಡುವುದು, ಎರಡು ಆಂಪ್ ರಿಪೇರಿ, ‘ಯಾವುದು ಕೊಳ್ಳಲಿ’ ಎಂದು ಬರುವವರು ತಿಂಗಳಿಗೆ ಮೂರೋ ನಾಲ್ಕೋ. ಅವರಲ್ಲಿ ಅರ್ಧ ಜನಕ್ಕೆ ‘ಇರೋದೇ ಸಾಕು, ಹೋಗಿ ಬಾರಿಸಿ’ ಎಂದು ಹೇಳಿ ಕಳಿಸುತ್ತಾರೆ. ಮುಖ್ಯರಸ್ತೆಯ ಸಂಗೀತದ ಅಂಗಡಿಯವರು ಇವರನ್ನು ಕಂಡರೆ ಮುಖ ತಿರುಗಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮನೆಯ ಗೋಡೆಗೆ ಕಿವಿಗೊಟ್ಟಿದ್ದಾರೆ. ಇವರ ಮಾತು ಕೇಳಿ ಕೊಂಡವರಲ್ಲಿ ಆಂಪ್ ಮಾರಿದವರು ನಾಲ್ಕೇ ಮಂದಿ, ಅದರಲ್ಲಿ ಮೂವರು ಊರು ಬಿಟ್ಟವರು. ಈ ಲೆಕ್ಕ ಹೇಳುವಾಗ ವಾಲ್ವಕ್ಕನ ಬೆನ್ನು ನೆಟ್ಟಗಾಗುತ್ತದೆ. ಆಗಲೇಬೇಕು.

ಸಂಜೆ ಐದೂವರೆಗೆ ಪದ್ಧತಿಯ ಕೊನೆಯ ಭಾಗ. ನರ್ಸ್ ತಮ್ಮ ಆಂಪನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಅರವತ್ತೆಂಟು ಮೆಟ್ಟಿಲು ಹತ್ತುತ್ತಾರೆ. ವಾಲ್ವಕ್ಕ ಅವರ ಮನೆಗೆ ಹೋಗುವುದಿಲ್ಲ, ಪಕ್ಕದ ಮನೆಯ ಬಾಗಿಲು ತಟ್ಟುತ್ತಾರೆ. ಮೊದಲ ದಿನ ಗೋಡೆಯ ಆಚೆ ಬದಿಯಲ್ಲಿ ಕೂತು ಕೇಳಲೇಬೇಕು ಎಂಬುದು ಅವರ ಹಟ. ಲೆಕ್ಕದ ಮೇಷ್ಟ್ರು ಹುಬ್ಬು ಗಂಟಿಕ್ಕಿಕೊಂಡೇ ಕುರ್ಚಿ ಕೊಡುತ್ತಾರೆ. ಕೋಲು ಗೋಡೆಗೇ ಒರಗಿದೆ.

“ಹತ್ತು ನಿಮಿಷ ಸರ್. ತೊಂದರೆ ಆದ್ರೆ ನನ್ನನ್ನ ಬೈರಿ, ಆ ಯಮ್ಮನ್ನ ಬೈಬೇಡಿ,” ಎನ್ನುತ್ತಾರೆ ವಾಲ್ವಕ್ಕ.

ಗೋಡೆಯಾಚೆ ಗಿಟಾರ್ ಶುರುವಾಗುತ್ತದೆ. ತೀರಾ ಸಣ್ಣಗೆ. ವಾಲ್ವಕ್ಕನಿಗೆ ಕೂಡಲೇ ಗೊತ್ತಾಗುತ್ತದೆ, ಹೆದರಿಕೆಗೆ ಗುಂಡಿ ಆರರಿಂದ ಎರಡಕ್ಕೆ ಇಳಿದಿದೆ. ಆ ಮೂಗು ಕಟ್ಟಿದ ಸದ್ದನ್ನು ಅವರು ಹತ್ತೊಂಬತ್ತು ವರ್ಷದ ಹಿಂದೆ ಕೇಳಬೇಕಿತ್ತು, ಕೇಳಿರಲಿಲ್ಲ. ಈಗ ಕೇಳುತ್ತಿದ್ದಾರೆ. ಎದ್ದು ಹೋಗಿ ಹೇಳೋಣ ಎನ್ನುವಷ್ಟರಲ್ಲಿ ಮೇಷ್ಟ್ರು ಕೋಲು ಎತ್ತಿಕೊಂಡಾಗಿದೆ.

ಟಪ್. ಟಪ್. ಎರಡು ಏಟು.

ಗಿಟಾರ್ ನಿಂತುಹೋಗುತ್ತದೆ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಾರೆ. ವಾಲ್ವಕ್ಕ ಹಿಂದೆಯೇ ಓಡುತ್ತಾರೆ. ನರ್ಸ್ ಬಾಗಿಲು ತೆರೆದಾಗ ಗಿಟಾರ್ ಇನ್ನೂ ಕೊರಳಲ್ಲೇ ಇದೆ.

“ಏನಮ್ಮಾ ಇದು,” ಮೇಷ್ಟ್ರು ಗದರುತ್ತಾರೆ, “ಬಾರಿಸೋದಾದ್ರೆ ಕೇಳೋ ಹಾಗೆ ಬಾರಿಸು! ಹತ್ತು ನಿಮಿಷ ಅಂತ ಇವರು ಹೇಳಿದಾರೆ, ಎರಡು ನಿಮಿಷ ಆಗಲೇ ವ್ಯರ್ಥ ಆಯ್ತು. ಮಿಕ್ಸಿ ಸದ್ದಿಗೆ ಅರ್ಥ ಇಲ್ಲ, ಅದಕ್ಕೆ ತಟ್ತೀನಿ. ಇದಕ್ಕೆ ಅರ್ಥ ಇದೆಯಲ್ಲ. ಜೋರು ಮಾಡು.”

ಬಾಗಿಲು ಮುಚ್ಚುವುದಿಲ್ಲ. ಮೇಷ್ಟ್ರು ಒಳಗಿನಿಂದ ಕುರ್ಚಿ ತಂದು ಹೊರಗೇ ಹಾಕಿಕೊಂಡು ಕೂರುತ್ತಾರೆ. ಗುಂಡಿ ಆರಕ್ಕೆ ಏರುತ್ತದೆ. ಮರದ ಪೆಟ್ಟಿಗೆ ಬಾಯಿ ಬಿಡುತ್ತದೆ. ಹತ್ತು ನಿಮಿಷ ಕಳೆದು ನಲವತ್ತಾದರೂ ಲೆಕ್ಕದ ಮೇಷ್ಟ್ರು ಲೆಕ್ಕ ಹಿಡಿಯುವುದಿಲ್ಲ.

ವಾಲ್ವಕ್ಕ ಅಂಗಡಿಗೆ ಮರಳಿದಾಗ ಟೈಲರ್ ಷಟರ್ ಎಳೆಯಲು ನಿಂತಿದ್ದಾರೆ. ಹೆಂಡತಿ ಏನೂ ಹೇಳದೆ ಮೇಜಿನ ಕೆಳಗೆ ಬಗ್ಗಿ, ನೀಲಿ ಹೊದಿಕೆಯ ಪೆಟ್ಟಿಗೆಯನ್ನು ಎಳೆದು ಮೇಲಿಡುತ್ತಾರೆ. ಮೂರು ವಾಟಿನ ಆಂಪ್. ನಾಲ್ಕು ವರ್ಷದ ಹಿಂದೆ ಕಟ್ಟಿದ್ದು, ಇದುವರೆಗೆ ಯಾರಿಗೂ ತೋರಿಸಿಲ್ಲ. ಹೊದಿಕೆಯ ಮೂಲೆಯಲ್ಲಿ ಟೈಲರ್ ಸಣ್ಣಗೆ ‘ಬಾಮೈದನಿಗೆ’ ಎಂದು ಕಸೂತಿ ಹಾಕಿದ್ದಾರೆ. “ನಾಲ್ಕು ವರ್ಷದಿಂದ ಧೂಳು ಹೊಡೀತಿದೀನಿ ಇದಕ್ಕೆ. ಮಾಡೇ ಫೋನು,” ಎನ್ನುತ್ತಾರೆ ಅವರು.

ಇಷ್ಟು ಜನರ ಕೈಗೆ ಗಿಟಾರ್ ಮರಳಿಸಿದ ಈ ಹೆಂಗಸಿಗೆ ನಿಮ್ಮ ಆಸೆ ಏನು ಎಂದು ಕೇಳಬೇಕಾದ ಅಗತ್ಯವೇ ಬರುವುದಿಲ್ಲ. ಬೆಳಗ್ಗೆ ಜೇಬಿನಲ್ಲಿದ್ದ ಎಡಗೈ ಈಗ ಫೋನನ್ನು ಕಿವಿಯ ಹತ್ತಿರ ಹಿಡಿದಿದೆ.

“ಲೋ, ನಾನು ಕಣೋ. ಊಟ ಆಯ್ತಾ?... ಅಲ್ಲ, ಒಂದು ವಿಷಯ ಕೇಳಬೇಕಿತ್ತು. ಬಹಳ ಹಿಂದೇನೇ ಕೇಳಬೇಕಿತ್ತು.” ನೀಲಿ ಹೊದಿಕೆಯ ಮೇಲೆ ಕೈಯಾಡಿಸುತ್ತಾರೆ. “ನಿನ್ನ ಪಕ್ಕದ ಮನೆಯವರು ಯಾರೋ?”

ಅಕ್ಕನ ಮೊದಲ ಪ್ರಶ್ನೆ ಏನೆಂದು ಊರಿಗೆಲ್ಲ ಗೊತ್ತು, ಏಕೆಂದು ತಮ್ಮನಿಗೆ ಗೊತ್ತು. ಟೈಲರ್ ಷಟರಿನ ಮೇಲಿನ ಕೈ ತೆಗೆಯದೆ ಹಾಗೇ ನಿಂತಿದ್ದಾರೆ.

“ಒಬ್ಬರು ಅಜ್ಜಿ ಇದಾರೆ ಅಕ್ಕಾ,” ಎನ್ನುತ್ತಾನೆ ತಮ್ಮ. “ಕಿವಿ ಸ್ವಲ್ಪ ಮಂದ. ನೀನೇ ಬಂದು ಗೋಡೆ ನೋಡು.”